ಮೂರು ತಿಂಗಳ ಮಾತ್ರೆ

ಗಂಡನ ಬ್ಲಡ್ ಪ್ರೆಶರ್ ಮಾತ್ರೆ ತರುವುದಕ್ಕೆಂದು ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದ ಹೆಂಗಸು ಈ ದೇಶದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಳ್ಳುತ್ತ ವೈಜಯಂತಿ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದಳು. ಕಾರವಾರದಲ್ಲಿ ಹತ್ತುವಾಗ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು, ಇಲ್ಲಿ ಫೆಬ್ರವರಿಯ ಚಳಿ ಸೀರೆಯೊಳಗೆ ನುಗ್ಗಿತು. ಸೊಂಟ ಹಿಡಿದುಕೊಂಡಿತ್ತು, ಕಾಲು ಊದಿಕೊಂಡಿತ್ತು, ಎದುರು ಬರ್ತಿನವರು ಆಗ್ರಾದವರೆಗೂ ಇಸ್ಪೀಟಾಡಿ ತಲೆ ತಿಂದಿದ್ದರು. ಐವತ್ತೊಂಬತ್ತರ ವಯಸ್ಸಿಗೆ ಇಷ್ಟು ಸಾಕಿತ್ತು.

ವಿಷಯ ಹೀಗಿತ್ತು. ಅವಳ ಗಂಡ ಕೇಶವಮೂರ್ತಿ ದಿಲ್ಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಫೈಲು ನೋಡಿ, ಮೂರು ವರ್ಷದ ಹಿಂದೆ, ೨೦೦೪ರಲ್ಲಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಇದ್ದದ್ದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಿವೃತ್ತಿಯಾದ ಮೇಲೆ ಅದನ್ನು ಬಿಡಲೇಬೇಕು. ಬಿಟ್ಟು ಗಂಡ ಹೆಂಡತಿ ಕಾರವಾರಕ್ಕೆ ಬಂದರು. ಮನೆಯ ಸಾಮಾನೆಲ್ಲ ಲಾರಿ ಹತ್ತಿ ಬಂತು, ಆದರೆ ಸರ್ಕಾರಿ ಡಿಸ್ಪೆನ್ಸರಿಯ ಕಾರ್ಡು ಮಾತ್ರ ಕಿದ್ವಾಯಿ ನಗರದಲ್ಲೇ ಉಳಿಯಿತು. ನಿವೃತ್ತರಿಗೆ ಪುಕ್ಕಟೆ ಔಷಧಿ ಕೊಡುವ ಅಂಥ ಡಿಸ್ಪೆನ್ಸರಿ ಕಾರವಾರದಲ್ಲಿಲ್ಲ, ಬೆಂಗಳೂರಿನಲ್ಲಿದೆ. ಒಂದು ಅರ್ಜಿ ಕೊಟ್ಟರೆ ಕಾರ್ಡು ಬೆಂಗಳೂರಿಗೆ ವರ್ಗವಾಗುತ್ತದೆ, ಸಂಜೆ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ ಮುಟ್ಟಬಹುದು. ಕೇಶವಮೂರ್ತಿ ಆ ಅರ್ಜಿ ಕೊಡಲಿಲ್ಲ. ಬದಲಿಗೆ ವೈಜಯಂತಿಯ ತಂಗಿಯ ಮಗ ಸುಹಾಸ್ ಗ್ರೇಟರ್ ನೋಯ್ಡಾದಲ್ಲಿ ಕೊಂಡಿದ್ದ ಫ್ಲ್ಯಾಟಿನ ವಿಳಾಸವನ್ನು ಕಾರ್ಡಿಗೆ ಬರೆಸಿ, ಮೂರು ತಿಂಗಳಿಗೊಮ್ಮೆ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೋಗಿ, ಮೂರು ತಿಂಗಳಿಗಾಗುವಷ್ಟು ಮಾತ್ರೆ ತರುತ್ತಿದ್ದರು. ಯಾಕೆ ಈ ಒದ್ದಾಟ ಎಂದರೆ, ಅಲ್ಲಿನ ಡಾಕ್ಟರಿಗೆ ನನ್ನ ಮೈ ಗೊತ್ತು, ಎನ್ನುತ್ತಿದ್ದರು.

ಕಳೆದ ನವೆಂಬರಿನಲ್ಲಿ ಮಾತ್ರೆಯ ಚೀಲ ಹಿಡಿದುಕೊಂಡು ಕಾರವಾರ ಸ್ಟೇಷನ್ನಿನಲ್ಲಿ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಅನ್ನ ಕಲಸಿ ಕೊಟ್ಟಿದ್ದು, ಅಂಗಿಯ ಗುಂಡಿ ಹಾಕಿದ್ದು, ತಲೆ ಬಾಚಿದ್ದು ಎಲ್ಲ ವೈಜಯಂತಿಯೇ. ಪ್ಲಾಸ್ಟರು ಬಿಚ್ಚಿದ ಮೇಲೂ ಕೈಗೆ ಬಲ ಬರಲಿಲ್ಲ, ಜನವರಿಗೆ ಮಾತ್ರೆ ಮುಗಿಯುತ್ತ ಬಂತು. ಆಗ ಅವಳು ಕಾರ್ಡು ವರ್ಗ ಮಾಡುವ ಅರ್ಜಿಯನ್ನು ತಾನೇ ತುಂಬಿ, ಈ ಸಲ ನಾನು ಹೋಗ್ತೀನಿ, ಮಾತ್ರೆ ತಗೊಂಡು ಇದನ್ನೂ ಕೊಟ್ಟು ಬರ್ತೀನಿ, ಅಲ್ಲಿಗೆ ದಿಲ್ಲಿಯ ಪುರಾಣ ಮುಗೀತು, ಎಂದು ಎದುರಿಗಿಟ್ಟಳು. ಕೇಶವಮೂರ್ತಿ ಕನ್ನಡಕ ಹಾಕಿಕೊಂಡು ಓದಿ, ಬಲವಿಲ್ಲದ ಕೈಯಲ್ಲೇ ಸಹಿ ಮಾಡಿ, ಪೆನ್ನು ಮುಚ್ಚಿಟ್ಟು ಎದ್ದು ಹೋದರು. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಾರವಾರ ಅವಳ ಹಟ. ಅದನ್ನು ಅವಳು ಒಂದು ದಿನವೂ ಮರೆಯುವಂತಿರಲಿಲ್ಲ. ತುಮಕೂರಿನ ಹುಡುಗಿ, ಎಂಟನೇ ಕ್ಲಾಸಿನಲ್ಲಿ ಶಾಲೆಯವರು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಕಾರವಾರದ ಕಡಲು ನೋಡಿದ್ದಳು, ಅರ್ಧ ದಿನ. ಆ ಅರ್ಧ ದಿನವನ್ನು ದಿಲ್ಲಿಯ ಮೂವತ್ತೆರಡು ಬೇಸಿಗೆಗಳಲ್ಲಿ ಬೇಕಾದಾಗೆಲ್ಲ ತೆಗೆದು ನೋಡಿಕೊಂಡಳು. ಜೂನಿನ ಬಿಸಿಗಾಳಿಗೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವಾಗ, ರಿಟೈರಾದ ಮೇಲೆ ಕಡಲ ಹತ್ತಿರ ಹೋಗಿ ಇರೋಣ ಎನ್ನುವಳು. ಆಗಲಿ, ಎನ್ನುವರು ಕೇಶವಮೂರ್ತಿ. ಮಕ್ಕಳಿರಲಿಲ್ಲ, ಆ ಮಾತು ಮುಗಿದೂ ಎಷ್ಟೋ ವರ್ಷವಾಗಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

ಕೇಶವಮೂರ್ತಿಯ ಬಾಯಿ ಆಗ ಬಲು ಜೋರು. ಕಚೇರಿಯ ಕನ್ನಡದವರು ಯಾರಾದರೂ ನಿವೃತ್ತರಾಗಿ ದಿಲ್ಲಿ ಬಿಟ್ಟು ಹೊರಟರೆ, ಬೀಳ್ಕೊಡುಗೆಯ ಚಹಾ ಕುಡಿಯುತ್ತ ಎಲ್ಲರೆದುರು, ಹೋಗಿ, ಹೋಗಿ, ತೆಂಗಿನಮರ ಎಣಿಸುತ್ತ ಕೂತಿರಿ, ಎಂದು ಕಾಲೆಳೆಯುತ್ತಿದ್ದರು. ದಿಲ್ಲಿ ಬಿಟ್ಟವನು ಆರು ತಿಂಗಳಲ್ಲಿ ಮುದುಕನಾಗುತ್ತಾನೆ ಎಂಬುದು ಅವರ ಸಿದ್ಧಾಂತ. ತಮ್ಮ ಸರದಿ ಬಂದಾಗ ಬೀಳ್ಕೊಡುಗೆ ಬೇಡವೆಂದರು. ಬೆಳಗಿನ ಜಾವ ಲಾರಿ ತರಿಸಿ, ಅಕ್ಕಪಕ್ಕದವರು ಏಳುವ ಮೊದಲೇ ಸಾಮಾನು ಹೇರಿಸಿದರು. ದುಃಖಕ್ಕೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡು ವೈಜಯಂತಿ ಸುಮ್ಮನಿದ್ದಳು.

ಕಡಲಿಗೆ ಹತ್ತು ನಿಮಿಷದ ದಾರಿಯಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಮೊದಲ ತಿಂಗಳು ದಿನಾ ಸಂಜೆ ಇಬ್ಬರೂ ಹೋಗಿ ಮರಳಿನಲ್ಲಿ ಕೂತರು. ಎರಡನೇ ತಿಂಗಳು ವಾರಕ್ಕೆರಡು ಸಲ. ಆಮೇಲೆ, ಕಡಲೇನು ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದುಕೊಂಡು ಮನೆಯಲ್ಲೇ ಉಳಿದರು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡಲಿಲ್ಲ. ದಿಲ್ಲಿಯಿಂದ ತಂದ ರಜಾಯಿಗಳಿಗೆ ಬೂಷ್ಟು ಬಂತು, ಟ್ರಂಕಿನ ತಳ ತುಕ್ಕು ಹಿಡಿದು ಉದುರಿತು, ಗೋದ್ರೆಜ್ ಬೀರುವಿನ ಬಾಗಿಲು ಕಿರುಗುಟ್ಟಿ ಕೊನೆಗೆ ಮುಚ್ಚುವುದನ್ನೇ ಬಿಟ್ಟಿತು. ಹಪ್ಪಳ ಕರಿದ ಐದು ನಿಮಿಷಕ್ಕೆ ಮೆತ್ತಗಾಗುತ್ತಿತ್ತು. ಬೇಸಿಗೆ ಬಂದರೆ ಬಾವಿಯ ನೀರು ಉಪ್ಪು. ಇದನ್ನೆಲ್ಲ ಸಹಿಸಬಹುದಿತ್ತು. ಕಿವಿತುಂಬ ಕನ್ನಡ ಕೇಳಬಹುದೆಂದು ಬಂದಿದ್ದಳಲ್ಲ, ಓಣಿಯವರೆಲ್ಲ ತಮ್ಮತಮ್ಮಲ್ಲಿ ಕೊಂಕಣಿ ಆಡುವವರು. ಎದುರುಮನೆಯ ಲೀಲಮ್ಮ ಒಳ್ಳೆಯವರು, ಇವಳನ್ನು ಕಂಡರೆ ಕನ್ನಡಕ್ಕೆ ತಿರುಗಿ, ಊಟ ಆಯ್ತಾ ಎಂದು ಕೇಳಿ, ಮತ್ತೆ ಕೊಂಕಣಿಗೆ ಹೋಗುತ್ತಿದ್ದರು. ಮೂರು ವರ್ಷದಿಂದ ವೈಜಯಂತಿ ಆಗಿದೆ ಎಂದು ಉತ್ತರ ಕೊಡುತ್ತಿದ್ದಳು.

ಕೇಶವಮೂರ್ತಿ ಆ ಮನೆಯಲ್ಲಿ ವೇಟಿಂಗ್ ರೂಮಿನ ಪ್ರಯಾಣಿಕನಂತೆ ಇದ್ದರು. ಬೆಳಿಗ್ಗೆ ಎದ್ದು ಹಿಂದಿ ಸುದ್ದಿ ಹಾಕಿ, ದಿಲ್ಲಿಯಲ್ಲಿ ಇವತ್ತು ಐದು ಡಿಗ್ರಿ, ಎಂದು ಹೇಳುವರು. ಡಿಸೆಂಬರಿನ ಸೆಕೆಯಲ್ಲಿ ಅರ್ಧತೋಳಿನ ಸ್ವೆಟರು ಹಾಕಿಕೊಂಡು ಕೂರುವರು. ಕಡಲ ಬಗ್ಗೆ ಒಂದು ಕೆಟ್ಟ ಮಾತು ಆಡಿದವರಲ್ಲ, ಒಳ್ಳೆಯದೂ ಆಡಲಿಲ್ಲ. ದಿಲ್ಲಿಗೆ ಹೋಗುವ ವಾರ ಮಾತ್ರ ಮುಖಕ್ಕೆ ಕಳೆ ಬರುತ್ತಿತ್ತು, ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ವೈಜಯಂತಿಗೆ ಹೊಟ್ಟೆಯುರಿಯುತ್ತಿತ್ತು. ಈ ಕಾರ್ಡಿನ ನಂಟೊಂದು ಕಡಿಯಲಿ, ಆಮೇಲೆ ಇವರು ಇಲ್ಲೇ ಕಾಲೂರಬೇಕು, ಆಗ ನನಗೂ ಒಂದು ಜೊತೆಯಾಗುತ್ತದೆ, ಎಂಬುದು ಅವಳ ಲೆಕ್ಕಾಚಾರ. ಆ ಮನೆಯಲ್ಲಿ ಒಬ್ಬಳೇ ಇದ್ದು ಇದ್ದು ಅವಳಿಗೆ ಸಾಕಾಗಿ ಹೋಗಿತ್ತು. ಆದರೆ ಹಟ ಮಾಡಿ ಬಂದವಳು ಸಾಕಾಯಿತು ಎನ್ನುವುದು ಯಾವ ಬಾಯಲ್ಲಿ?

ಅಂತೂ ದಿಲ್ಲಿಗೆ ಬಂದಳು. ಸುಹಾಸ್ ಸ್ಟೇಷನ್ನಿಗೆ ಬಂದು ಕಾರಿನಲ್ಲಿ ಕರೆದುಕೊಂಡು ಹೋದ. ಅವನೂ ಅವನ ಹೆಂಡತಿ ಸಿಂಧೂರಳೂ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು, ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ನಿದ್ದೆ ಮಾಡಲು ಬರುವವರು. ಕಿಟಕಿಯಾಚೆ ಅರ್ಧ ಕಟ್ಟಿದ ಕಟ್ಟಡಗಳು, ಅವುಗಳ ನಡುವೆ ಇನ್ನೂ ಯಾರೂ ಕೊಳ್ಳದ ಒಂದು ತುಂಡು ಸಾಸಿವೆ ಹೊಲ. ದೊಡ್ಡಪ್ಪ ಇಲ್ಲಿ ಬಂದರೆ ಏನು ಮಾಡುತ್ತಾರೆ ಎಂದು ವೈಜಯಂತಿ ಕೇಳಿದ್ದಕ್ಕೆ ಸುಹಾಸ್ ನಕ್ಕ. ಬೆಳಿಗ್ಗೆ ನನ್ನ ಜೊತೆ ಕಾರಿನಲ್ಲಿ ಹೊರಟರೆ ಸಂಜೆಗೇ ವಾಪಸ್ಸು ದೊಡ್ಡಮ್ಮ, ಮೂರು ದಿನವೂ ಡಿಸ್ಪೆನ್ಸರಿಯೇ, ಎಂದ. ಮಾತ್ರೆ ಕೊಡುವುದಕ್ಕೆ ಮೂರು ದಿನ ಯಾಕೆ ಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಸರ್ಕಾರಿ ಕೆಲಸ, ಇರಬಹುದು ಎಂದುಕೊಂಡಳು.

ಮಾರನೆಯ ದಿನ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಹತ್ತು ಗಂಟೆಗೆ ಡಿಸ್ಪೆನ್ಸರಿಯ ಮುಂದೆ ಇಳಿದಳು. ಹಳದಿ ಬಣ್ಣದ ಅದೇ ಕಟ್ಟಡ, ಅಂಗಳದಲ್ಲಿ ಅದೇ ಬೇವಿನಮರ. ಕಿಟಕಿಯಲ್ಲಿ ಚೀಟಿ ತೆಗೆಸಿದಳು, ನಂಬರು ಅರವತ್ತೇಳು. ಅರ್ಜಿ ಕೊಡುವ ಕಿಟಕಿ ಪಕ್ಕದ್ದೇ, ಅಲ್ಲೂ ನಾಲ್ಕು ಜನ ನಿಂತಿದ್ದರು. ಊದಿದ ಕಾಲಿಗೆ ನಿಲ್ಲಲಾಗಲಿಲ್ಲ. ಬಿಸಿಲು ಬಿದ್ದ ಕಡೆ ಕೂತು ಆಮೇಲೆ ಕೊಡೋಣ ಎಂದು ಅಂಗಳದ ಸಿಮೆಂಟು ಬೆಂಚಿನ ಕಡೆಗೆ ಹೋದಳು.

ಬೆಂಚಿನ ಮೇಲೆ ಇಬ್ಬರು ಮುದುಕರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಒಬ್ಬರು ನಾರಾಯಣಸ್ವಾಮಿ, ಕೋಲಾರದವರು, ಗಂಡನ ಜೊತೆ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು; ಹೆಂಡತಿ ತೀರಿಕೊಂಡ ಮೇಲೆ ಮಗನ ಕ್ವಾರ್ಟರ್ಸಿನಲ್ಲಿದ್ದರು. ಇನ್ನೊಬ್ಬರು ಗಢವಾಲದ ಬಿಷ್ಟ್‌ಜಿ, ಕ್ವಾರ್ಟರ್ಸಿನಲ್ಲಿ ಇವರ ಕೆಳಗಿನ ಮನೆಯಲ್ಲಿದ್ದವರು. ಅವಳನ್ನು ನೋಡಿದ್ದೇ ಇಬ್ಬರ ಕೈಯೂ ನಿಂತಿತು. ಬಿಷ್ಟ್‌ಜಿ ಮಡಿಲಿನ ಸಿಪ್ಪೆಯನ್ನೆಲ್ಲ ಚೆಲ್ಲಿಕೊಂಡು ಎದ್ದರು.

"ಭಾಭೀಜಿ, ಆಪ್ ಚಲ್ನೇ ಲಗೀ?"

ನಡೆಯಲು ಶುರು ಮಾಡಿದಿರಾ ಎಂದರೆ ಏನು ಅರ್ಥ ಎಂದು ವೈಜಯಂತಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಾರಾಯಣಸ್ವಾಮಿ ಹತ್ತಿರ ಬಂದು ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಎದ್ದು ಓಡಾಡೋ ಹಾಗಾದ್ರಲ್ಲ ವೈಜಯಂತಮ್ಮ. ಮೂರು ವರ್ಷ ಹಾಸಿಗೇಲಿ ಅಂದ್ರೆ ಏನು ತಮಾಷೆನಾ. ಮೂರ್ತಿ ಹೇಳಲೇ ಇಲ್ಲ, ಇಷ್ಟು ಗುಣ ಆಗಿದೆ ಅಂತ."

ಅವರಿಬ್ಬರೂ ಸಂತೋಷಕ್ಕೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು, ಅದರಿಂದಲೇ ಅವಳಿಗೆ ಎಲ್ಲ ಗೊತ್ತಾಯಿತು. ಇವರು ನಂಬಿದ್ದ ಪ್ರಕಾರ ಕೇಶವಮೂರ್ತಿ ದಂಪತಿ ದಿಲ್ಲಿ ಬಿಟ್ಟೇ ಇರಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ ತಂಗಿಯ ಮಗನ ಜೊತೆ ಹನ್ನೊಂದನೇ ಮಹಡಿಯಲ್ಲಿದ್ದರು. ವೈಜಯಂತಿಗೆ ಬೆನ್ನುಮೂಳೆಯ ತೊಂದರೆ, ಹಲಗೆಯ ಮೇಲೆ ಮಲಗಿಯೇ ಇರಬೇಕು, ಫೋನಿನಲ್ಲಿ ಮಾತಾಡಿದರೂ ಆಯಾಸ. ಅಡಿಗೆ, ಬಟ್ಟೆ, ಔಷಧಿ ಎಲ್ಲ ಮೂರ್ತಿಯೇ. ಮೂರು ತಿಂಗಳಿಗೊಮ್ಮೆ ಸಿಂಧೂರ ರಜೆ ಹಾಕಿ ನೋಡಿಕೊಂಡಾಗ ಮೂರು ದಿನ ಬಿಡುವು ಸಿಗುತ್ತದೆ, ಆಗ ಇಲ್ಲಿಗೆ ಬಂದು ಬಿಸಿಲಿಗೆ ಕೂರುತ್ತಾರೆ. ಒಂದು ಸಲ ಇವರಿಬ್ಬರೂ ಕಿತ್ತಳೆ ಹಣ್ಣು ಕೊಂಡು ನೋಡಲು ಹೊರಟಿದ್ದರಂತೆ. ಡಾಕ್ಟರು ಯಾರನ್ನೂ ಬಿಡಬೇಡಿ ಎಂದಿದ್ದಾರೆ ಎಂದು ಮೂರ್ತಿ ತಡೆದರಂತೆ.

ವೈಜಯಂತಿಗೆ ಮೈಯೆಲ್ಲ ಉರಿಯಿತು. ಒಂದು ದಿನ ಜ್ವರ ಬಂದರೂ ಎದ್ದು ಅನ್ನ ಬೇಯಿಸಿದವಳು ಅವಳು, ಮುರಿದ ಕೈಗೆ ಆರು ವಾರ ಚಾಕರಿ ಮಾಡಿದವಳು. ಅವಳನ್ನು ಮೂರು ವರ್ಷ ಹಲಗೆಯ ಮೇಲೆ ಮಲಗಿಸಿ ಗಂಡ ಇಲ್ಲಿ ಕಡಲೆಕಾಯಿ ತಿನ್ನುತ್ತಿದ್ದರು. ತೆಂಗಿನಮರ ಎಣಿಸಲು ಹೋದೆ ಎಂದು ಒಪ್ಪಿಕೊಳ್ಳಲಾರದ ಗಂಡಸಿನ ಜಂಬಕ್ಕೆ ಹೆಂಡತಿಯ ಬೆನ್ನುಮೂಳೆಯೇ ಬೇಕಾಗಿತ್ತೆ? ನಾವಿರೋದು ಕಾರವಾರದಲ್ಲಿ, ನನಗೆ ಯಾವ ರೋಗವೂ ಇಲ್ಲ, ಎಂಬ ಮಾತು ನಾಲಿಗೆಯ ತುದಿಗೇ ಬಂತು.

ಬಿಷ್ಟ್‌ಜಿ ಬೆಂಚಿನ ನಡುವೆ ಇಟ್ಟಿದ್ದ ಮಡಿಸಿದ ಪೇಪರನ್ನು ಎತ್ತಿಕೊಂಡು, ಬೈಠಿಯೇ, ಎಂದರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಬಿಸಿಲು ನೇರವಾಗಿ ಬೀಳುತ್ತಿದ್ದದ್ದು ಅಲ್ಲಿಯೇ. ಮೂರ್ತಿಯವರ ಜಾಗ, ಫೆಬ್ರವರಿಯ ಎರಡನೇ ವಾರ ಬರುತ್ತಾರೆಂದು ಸೋಮವಾರದಿಂದ ಯಾರನ್ನೂ ಕೂರಿಸಿಲ್ಲ, ಎಂದರು. ಅವಳು ಕೂತಳು. ಕೂರುವಾಗ ರೈಲಿನಲ್ಲಿ ಹಿಡಿದುಕೊಂಡಿದ್ದ ಸೊಂಟ ಚಳುಕು ಹೊಡೆದು ಅಮ್ಮಾ ಎಂದಳು. ಇಬ್ಬರೂ ಎರಡು ಕಡೆಯಿಂದ ಕೈ ಕೊಟ್ಟರು. ಅವಳು ಆಡಬೇಕೆಂದಿದ್ದ ಮಾತು ಅಲ್ಲಿಗೆ ಹೋಯಿತು.

ಮೂರ್ತಿ ಯಾಕೆ ಬರಲಿಲ್ಲ ಎಂದು ಕೇಳಿದರು. ಬಿದ್ದು ಕೈ ಮುರಿದುಕೊಂಡ ಸಂಗತಿ ಹೇಳಿದಳು, ಎಲ್ಲಿ ಬಿದ್ದದ್ದು ಎಂಬುದನ್ನು ಬಿಟ್ಟು. ಅಯ್ಯೋ ಪಾಪ, ನಿಮ್ಮನ್ನು ನೋಡಿಕೊಂಡು ಅವನೂ ಸೋತಿದ್ದಾನೆ, ಎಂದರು ನಾರಾಯಣಸ್ವಾಮಿ. ಆಮೇಲೆ ಸಮಾಧಾನದಿಂದ, ಸುಮ್ಮನೆ ಔಪಚಾರಿಕವಾಗಿ ಅಲ್ಲ, ನಿಜವಾಗಿ ತಿಳಿದುಕೊಳ್ಳುವವರ ಹಾಗೆ ಅವಳ ಕಡೆ ತಿರುಗಿ ಕೂತು, ನಿಮಗೆ ಹೇಗಿದೆ ಹೇಳಿ ಎಂದರು.

ಹಾಗೆ ಅವಳನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಅವಳು ಒಂದೆರಡು ಮಾತಿನಲ್ಲಿ ಮುಗಿಸಬೇಕೆಂದಿದ್ದಳು. ಆದರೆ ಶುರುವಾದದ್ದು ನಿಲ್ಲಲಿಲ್ಲ. ನಾವಿರುವ ಕಡೆ ನಮ್ಮ ಮಾತಿನವರು ಯಾರೂ ಇಲ್ಲ ಎಂದಳು. ಅಕ್ಕಪಕ್ಕದವರು ಒಳ್ಳೆಯವರೇ, ಊಟ ಆಯ್ತಾ ಎನ್ನುತ್ತಾರೆ, ಅದರಾಚೆಗೆ ದಾಟುವುದಿಲ್ಲ. ನೀರು ಉಪ್ಪು ಎಂದು ಬಾಯಿ ತಪ್ಪಿ ಬಂದಾಗ ನಾರಾಯಣಸ್ವಾಮಿ, ಹೌದು, ನೋಯ್ಡಾದ ಬೋರ್‌ವೆಲ್ ನೀರೇ ಹಾಗೆ, ಎಂದು ತಲೆಯಾಡಿಸಿದರು. ನಮ್ಮವರಿಗೂ ನನಗೂ ಮಾತೇ ನಿಂತುಹೋಗಿದೆ ಎಂದಳು. ಒಂದು ಮನೆಯಲ್ಲಿ ಇಬ್ಬರು ಎರಡು ಕಿಟಕಿಯಲ್ಲಿ ಕೂರುತ್ತೇವೆ.

"ಬೆಳಿಗ್ಗೆ ಎದ್ದರೆ ಸಂಜೆ ಹೇಗೆ ಮಾಡೋದು ಅನ್ನೋದೊಂದೇ ಯೋಚನೆ ಸ್ವಾಮಿಯವರೇ. ಸುಸ್ತಾಗಿದೆ. ಬೆನ್ನಿಗಲ್ಲ, ಎಲ್ಲಿಗೆ ಅಂತ ಹೇಳೋಕೂ ಆಗಲ್ಲ."

ಆಡಿದ ಮೇಲೆ ಅವಳಿಗೇ ಬೆರಗಾಯಿತು. ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಬಿಷ್ಟ್‌ಜಿಗೆ ಕನ್ನಡ ಅರ್ಥವಾಗದಿದ್ದರೂ ಸುಲಿದ ಕಡಲೆಬೀಜಗಳನ್ನು ಅವಳ ಅಂಗೈಗೆ ಹಾಕಿ, ತಿನ್ನಿ ಎಂದು ಸನ್ನೆ ಮಾಡಿದರು.

"ಇನ್ನೇನು, ಎದ್ದಿದ್ದೀರಲ್ಲ," ಎಂದರು ನಾರಾಯಣಸ್ವಾಮಿ. "ಮೂರ್ತಿ ಬಂದಾಗೆಲ್ಲ ಒಂದೇ ಮಾತು. ನನ್ನ ಹೆಂಡತಿಗೆ ಸಮುದ್ರ ಅಂದ್ರೆ ಪ್ರಾಣ ಕಣಯ್ಯ, ಬೆನ್ನು ವಾಸಿಯಾದ ದಿನ ಕಾರವಾರಕ್ಕೆ ಕರೆದುಕೊಂಡು ಹೋಗ್ತೀನಿ ಅಂತ. ಇನ್ನು ಹೊರಡಬಹುದು ನೀವು."

ವೈಜಯಂತಿ ತಲೆ ತಗ್ಗಿಸಿ ಕಡಲೆಬೀಜದ ಕೆಂಪು ಸಿಪ್ಪೆ ಊದಿದಳು. ಇಲ್ಲಿ, ಈ ಬೆಂಚಿನ ಮೇಲೆ, ಅವರಿಬ್ಬರೂ ಇನ್ನೂ ಹೊರಟೇ ಇರಲಿಲ್ಲ. ಕಡಲು ಇನ್ನೂ ಬರಬೇಕಾಗಿತ್ತು, ತುಕ್ಕು ಹಿಡಿದಿರಲಿಲ್ಲ, ಬೂಷ್ಟು ಬಂದಿರಲಿಲ್ಲ. ಕೇಶವಮೂರ್ತಿ ಮೂರು ತಿಂಗಳಿಗೊಮ್ಮೆ ಬಂದು ಇಲ್ಲಿ ಕೂತು ಅವಳನ್ನು ಕಡಲಿಗೆ ಕರೆದುಕೊಂಡು ಹೋಗುವ ಮಾತಾಡುತ್ತಿದ್ದರು. ಅವಳಿಗೆ ಇದ್ದಕ್ಕಿದ್ದಂತೆ ಗಂಡನ ಮೇಲೆ ತುಂಬ ಕನಿಕರ ಬಂತು, ತನ್ನ ಮೇಲೂ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು, ಚಳಿ ಎಂದಳು.

ಅರವತ್ತೇಳನೇ ನಂಬರು ಕೂಗಿದರು. ಒಳಗೆ ಡಾಕ್ಟರು ಪುಸ್ತಕ ನೋಡಿ, ಹಿಂದಿನದನ್ನೇ ಬರೆದುಕೊಟ್ಟರು. ಕೇಶವಮೂರ್ತಿಯ ಮೈ ಗೊತ್ತಿದ್ದ ಹಾಗೇನೂ ಕಾಣಲಿಲ್ಲ, ತಲೆಯನ್ನೇ ಎತ್ತಲಿಲ್ಲ. ಔಷಧಿಯ ಕಿಟಕಿಯಲ್ಲಿ ಮಾತ್ರೆಯ ಪಟ್ಟಿಗಳನ್ನು ಎಣಿಸಿ ಕಲ್ಲಿನ ಮೇಲೆ ಗುಡ್ಡೆ ಹಾಕಿದ ಮನುಷ್ಯ, ಚೀಲ ತಂದಿದ್ದೀರಾ ಮಾತಾಜಿ ಎಂದ. ಗಂಡ ಬರುವಾಗ ಜೋಪಾನವಾಗಿ ತರುತ್ತಿದ್ದ ಬಟ್ಟೆಯ ಚೀಲವನ್ನು ಅವಳು ಸುಹಾಸನ ಮನೆಯಲ್ಲೇ ಬಿಟ್ಟು ಬಂದಿದ್ದಳು. ಹಿಂದೆ ನಿಂತವರು ಗೊಣಗತೊಡಗಿದರು. ವೈಜಯಂತಿ ಕೈಚೀಲದಿಂದ ನಾಲ್ಕು ಪುಟದ ಅರ್ಜಿಯನ್ನು ತೆಗೆದು ಬಿಚ್ಚಿ ಹಾಸಿ, ಮಾತ್ರೆಗಳನ್ನು ಅದರಲ್ಲಿಟ್ಟು, ನಾಲ್ಕೂ ಕಡೆಯಿಂದ ಮಡಿಸಿ ಕಟ್ಟಿಕೊಂಡಳು. ಪಕ್ಕದ ಕಿಟಕಿಯಲ್ಲಿ ಆಗ ಯಾರೂ ನಿಂತಿರಲಿಲ್ಲ. ಅದನ್ನು ದಾಟಿ ಹೊರಗೆ ಬಂದಳು.

ಮಾರ್ಕೆಟ್ಟಿನ ಮೂಲೆಯಲ್ಲಿ ಎಸ್‌ಟಿಡಿ ಬೂತು ಇತ್ತು. ನಾರಾಯಣಸ್ವಾಮಿ ಬೇಡವೆಂದರೂ ಕೇಳದೆ, ಬಿದ್ದುಬಿಟ್ಟೀರಿ ಎಂದು ಅಲ್ಲಿಯವರೆಗೆ ಜೊತೆಗೆ ಬಂದು, ದೂರದಲ್ಲಿ ಬೆನ್ನು ಹಾಕಿ ನಿಂತರು. ಗಾಜಿನ ಗೂಡಿನೊಳಗೆ ಬಾಗಿಲು ಹಾಕಿಕೊಂಡು ಅವಳು ಕಾರವಾರಕ್ಕೆ ಫೋನು ಮಾಡಿದಳು. ಕೇಶವಮೂರ್ತಿ ಒಂದೇ ರಿಂಗಿಗೆ ಎತ್ತಿಕೊಂಡರು. ರೈಲಿನಲ್ಲಿ ತೊಂದರೆಯಾಯಿತೇ, ತಿಂಡಿ ತಿಂದೆಯಾ ಎಂದೆಲ್ಲ ಕೇಳಿದರು. ಕೇಳಬೇಕಾದ್ದನ್ನು ಕೇಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅರ್ಜಿ ಕೊಟ್ಟೆಯಾ?"

"ಇಲ್ಲ."

"ಯಾಕೆ?"

"ನನ್ನ ಬೆನ್ನು ವಾಸಿಯಾಗಿದೆ ರೀ. ಬೆಂಚಿನ ಮೇಲೆ ಎಲ್ಲರಿಗೂ ತುಂಬ ಸಂತೋಷ ಆಯ್ತು."

ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಬೈಯಬೇಕೆಂದು ಅವಳು ಬೆಂಚಿನಿಂದ ಇಲ್ಲಿಯವರೆಗೆ ಎಷ್ಟೋ ಮಾತು ಜೋಡಿಸಿಕೊಂಡಿದ್ದಳು. ಗಾಜಿನಾಚೆ ನಿಂತ ಮುದುಕರ ಬೆನ್ನು ನೋಡುತ್ತ ಒಂದೂ ನೆನಪಾಗಲಿಲ್ಲ. ಮೂರು ವರ್ಷ ನುಂಗಿಕೊಂಡು ಬಂದದ್ದು ಮಾತ್ರ ಹೊರಗೆ ಬಂತು.

"ನನಗೂ ಅಲ್ಲಿ ಬೇಜಾರು ರೀ. ನನಗೂ ಸಾಕಾಗಿದೆ."

"ಗೊತ್ತು," ಎಂದರು ಕೇಶವಮೂರ್ತಿ. "ಮೊದಲನೇ ಮಳೆಗಾಲದಲ್ಲೇ ಗೊತ್ತಾಯ್ತು. ನನಗೂ ಬೇಜಾರು ಅಂತ ನಾನೂ ಅಂದುಬಿಟ್ಟಿದ್ದರೆ, ನಿನಗೆ ಮುಖ ಇಟ್ಟುಕೊಳ್ಳೋಕೆ ಎಲ್ಲಿ ಜಾಗ ಇರ್ತಿತ್ತು ವೈಜು?"